ಮಾತಿಲ್ಲದ ಮಗು ಕೈ ಎತ್ತಿದಾಗ



ನಮ್ಮ ರಾಯಚೂರು ಜಿಲ್ಲೆಯ ಕಡೆ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ, ಅಂದರೆ ಎಲ್ಲರೂ ಬಿ.ಆರ್.ಸಿ. ಅಂತ ಕರೆಯುವ ಕಚೇರಿಗಳಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ವೈದ್ಯಕೀಯ ಮೌಲ್ಯಾಂಕನ ಶಿಬಿರ ನಡೆಯುತ್ತದೆ. ಸಿಂಧನೂರಿನ ಕ್ಯಾಂಪುಗಳಿಂದ, ಲಿಂಗಸುಗೂರಿನ ತಾಂಡಾಗಳಿಂದ, ಮಸ್ಕಿ ಸುತ್ತಲಿನ ಹಳ್ಳಿಗಳಿಂದ ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಕೈ ಹಿಡಿದುಕೊಂಡು ಬರುತ್ತಾರೆ. ನಡೆಯಲಾರದ ಮಗುವಿಗೆ ಗಾಲಿಕುರ್ಚಿಯ ಅಳತೆ ತೆಗೆಯುತ್ತಾರೆ, ಅದು ಕಾನ್ಪುರದ ಅಲಿಮ್ಕೊದಿಂದ ಬರುತ್ತದೆ. ಕಿವಿ ಕೇಳದ ಮಗುವಿಗೆ ಶ್ರವಣ ಸಾಧನ ಬರೆಯುತ್ತಾರೆ. ಗುರುತಿನ ಚೀಟಿ, ಪಿಂಚಣಿ, ಬಸ್ ಪಾಸು ಎಲ್ಲ ವಿಚಾರಿಸಿ ಮುಗಿದ ಮೇಲೆ, ಮೇಜಿನ ಹತ್ತಿರ ಬೇರೆ ಯಾರೂ ಇಲ್ಲ ಅಂತ ನೋಡಿಕೊಂಡು, ತಾಯಿ ಸಣ್ಣ ದನಿಯಲ್ಲಿ ಕೇಳುತ್ತಾಳೆ: "ಮೇಡಂರೀ, ಇವ ಕಡಿತಾನ್ರೀ. ತಂಗಿ ಕೂದ್ಲ ಹಿಡದ ಎಳಿತಾನ. ತನ್ನ ತಲಿ ತಾನ ಗ್ವಾಡಿಗೆ ಬಡ್ಕೊಂತಾನ. ಏನ್ ಮಾಡ್ಲಿ ಹೇಳ್ರಿ?" ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಹಳೆಯ ಹಲ್ಲಿನ ಗುರುತಿನ ಪಕ್ಕ ಹೊಸದು.

ಅಳತೆ ತೆಗೆದು ಕೊಡುವ ಸಾಧನಗಳಲ್ಲಿ ಇದಕ್ಕೆ ಉತ್ತರವಿಲ್ಲ. ಅದಕ್ಕೆ ಇವತ್ತು ಆ ತಾಯಿಯ ಪ್ರಶ್ನೆಯೊಂದನ್ನೇ ಹಿಡಿದು ಮಾತಾಡುತ್ತೇನೆ. ಮನೆಯಲ್ಲಿ ಇಂಥ ಮಗು ಇದ್ದವರು ಕೇಳಬೇಕು. ಇಲ್ಲದವರೂ ಕೇಳಬೇಕು. ಈ ಮಕ್ಕಳು ಓಡಾಡುವುದು ನಿಮ್ಮ ಓಣಿಯಲ್ಲಿ, ಕೂಡುವುದು ನಿಮ್ಮ ಮಕ್ಕಳ ಪಕ್ಕದಲ್ಲಿ.

ಯಾವ ಮಕ್ಕಳ ಮಾತು ಇದು? ಬೌದ್ಧಿಕ ಬೆಳವಣಿಗೆ ತಡವಾದವರು, ಆಟಿಸಂ ಇರುವವರು, ಮಿದುಳಿನ ಪಾರ್ಶ್ವವಾಯು ಇರುವವರು, ಒಂದಕ್ಕಿಂತ ಹೆಚ್ಚು ತೊಂದರೆ ಒಟ್ಟಿಗೆ ಇರುವವರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಗುರುತಿಸಿದೆ. ಹೆಸರು ಯಾವುದೇ ಇರಲಿ, ಇವತ್ತು ನಾನು ಹೇಳುತ್ತಿರುವ ಮಕ್ಕಳಿಗೆಲ್ಲ ಒಂದು ಕೊರತೆ ಸಮಾನ. ಹಸಿವಾಯಿತು, ಹೊಟ್ಟೆ ನೋಯುತ್ತಿದೆ, ಈ ಗದ್ದಲ ನನಗೆ ಆಗುವುದಿಲ್ಲ, ಅಂತ ಹೇಳಲು ಅವರಿಗೆ ಮಾತಿಲ್ಲ. ಕೆಲವರಿಗೆ ನಾಲ್ಕಾರು ಪದ ಇರಬಹುದು. ಸಿಟ್ಟು ಬಂದಾಗ ಆ ನಾಲ್ಕಾರು ಪದವೂ ಬಾಯಿಗೆ ಬರುವುದಿಲ್ಲ.

ಒಂದು ಶಾಲೆಯ ಸಂಗತಿ ಹೇಳುತ್ತೇನೆ. ಊರಿನ ಹೆಸರು, ಹುಡುಗನ ಹೆಸರು ಬೇಡ. ಒಂಬತ್ತು ವರ್ಷದ ಹುಡುಗ, ಮಾತು ಬಂದಿಲ್ಲ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕೊಡುವ ಹೊತ್ತಿಗೆ ಮಕ್ಕಳೆಲ್ಲ ಲೋಟ ಹಿಡಿದು ಸಾಲು ನಿಲ್ಲುತ್ತಾರೆ. ಅಷ್ಟರಲ್ಲಿ ಈ ಹುಡುಗ ಮುಂದೆ ನಿಂತವನ ಕುತ್ತಿಗೆ ಪರಚುತ್ತಿದ್ದ. ದಿನಾ ಅದೇ ಹೊತ್ತು, ಅದೇ ಗಲಾಟೆ. "ಹಾಲು ಕಂಡ್ರ ಆಸಿ ತಡಿಯಂಗಿಲ್ಲ, ಮುಂದ ಬರಾಕ ಹಿಂಗ ಮಾಡ್ತಾನ" ಅಂತ ಶಾಲೆಯವರು ತಿಳಿದಿದ್ದರು. ಬೈದು ಹೊರಗೆ ಕಳಿಸುತ್ತಿದ್ದರು. ಅವನು ಹೋಗಿ ಬೇವಿನ ಗಿಡದ ಕೆಳಗೆ ಕೂತುಬಿಡುತ್ತಿದ್ದ.

ಅಲ್ಲಿನ ಟೀಚರಿಗೆ ಒಂದು ನೋಟ್‌ಬುಕ್ ಇಡಲು ಹೇಳಲಾಯಿತು. ಪುಟಕ್ಕೆ ಮೂರು ಗೆರೆ ಎಳೆದು ಮೂರು ಸಂಗತಿ ಬರೆಯಬೇಕು: ಹೊಡೆಯುವ ಮೊದಲು ಏನಾಗುತ್ತಿತ್ತು, ಅವನು ಏನು ಮಾಡಿದ, ಆದ ಮೇಲೆ ಅವನಿಗೆ ಏನು ಸಿಕ್ಕಿತು. ಅಭಿಪ್ರಾಯ ಬರೆಯುವಂತಿಲ್ಲ, ಕಂಡದ್ದನ್ನು ಮಾತ್ರ ಬರೆಯಬೇಕು. ಕೆಲವು ವಾರದಲ್ಲಿ ಪುಟಗಳೇ ಕಥೆ ಹೇಳಿದವು. ಹಾಲು ಇಲ್ಲದ ದಿನ ಅವನು ಯಾರನ್ನೂ ಮುಟ್ಟಿಲ್ಲ. ಮಕ್ಕಳು ಕಡಿಮೆ ಬಂದ ದಿನವೂ ಇಲ್ಲ. ಸ್ಟೀಲ್ ಲೋಟಗಳನ್ನು ಬುಟ್ಟಿಯಿಂದ ಕಟ್ಟೆಯ ಮೇಲೆ ಸುರಿದ ದಿನ, ಆ ಸದ್ದಿಗೆ ಕಿವಿ ಮುಚ್ಚಿಕೊಂಡಿದ್ದಾನೆ, ಮರುಗಳಿಗೆಯಲ್ಲಿ ಪರಚಿದ್ದಾನೆ. ಗಿಡದ ಕೆಳಗೆ ಕೂತ ಸ್ವಲ್ಪ ಹೊತ್ತಿಗೆ ತಣ್ಣಗಾಗಿ ಬೇವಿನ ಕಡ್ಡಿ ಜೋಡಿಸುತ್ತಾ ಕೂತಿದ್ದಾನೆ. ಅವನಿಗೆ ಬೇಕಾಗಿದ್ದದ್ದು ಹಾಲಲ್ಲ, ಆ ಸಾಲಿನಿಂದ ಬಿಡುಗಡೆ. ಪರಚಿದರೆ ಬಿಡುಗಡೆ ಸಿಗುತ್ತದೆ ಅಂತ ಅವನು ಕಲಿತಿದ್ದ. ಶಿಕ್ಷೆ ಅಂತ ಕೊಟ್ಟದ್ದೇ ಅವನು ಬೇಡಿದ್ದ ವಸ್ತುವಾಗಿತ್ತು.

ಮಾತಿಲ್ಲದ ಮಗುವಿನ ಹೊಡೆತಕ್ಕೆ ಹೆಚ್ಚಾಗಿ ನಾಲ್ಕು ಕಾರಣ ಕಾಣುತ್ತವೆ. ಯಾವುದೋ ವಸ್ತು ಬೇಕು, ಯಾರಾದರೂ ತನ್ನ ಕಡೆ ನೋಡಬೇಕು, ಯಾವುದೋ ಕೆಲಸದಿಂದ ಅಥವಾ ಜಾಗದಿಂದ ತಪ್ಪಿಸಿಕೊಳ್ಳಬೇಕು, ಅಥವಾ ಆ ಕ್ರಿಯೆಯಿಂದ ಮೈಗೆ ಏನೋ ಒಂದು ಅನುಭವ ಸಿಗುತ್ತದೆ. ಆದರೆ ಇವೆಲ್ಲಕ್ಕಿಂತ ಮೊದಲು ನೋಡಬೇಕಾದ್ದು ನೋವು. ನಿನ್ನೆಯವರೆಗೆ ಸುಮ್ಮನಿದ್ದ ಮಗು ಇವತ್ತು ಇದ್ದಕ್ಕಿದ್ದಂತೆ ಕಿವಿಗೆ ಬಡಿದುಕೊಳ್ಳುತ್ತಿದ್ದರೆ ಕಿವಿ ಸೋರುತ್ತಿದೆಯೇ ನೋಡಿ. ಕೈ ಕಡಿದುಕೊಳ್ಳುತ್ತಿದ್ದರೆ ಬಾಯಿ ತೆರೆಸಿ ಹಲ್ಲು ನೋಡಿ. ಮೂರು ದಿನದಿಂದ ಬಯಲಕಡೆಗೆ ಹೋಗಿಲ್ಲವೇ, ರಾತ್ರಿ ನಿದ್ದೆ ಇಲ್ಲವೇ, ಹುಡುಗಿಯಾಗಿದ್ದರೆ ಮುಟ್ಟಿನ ದಿನಗಳು ಹತ್ತಿರವೇ, ಫಿಟ್ಸ್ ಗುಳಿಗೆ ತಪ್ಪಿದೆಯೇ, ನಮ್ಮ ರಾಯಚೂರು ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮನೆಯಲ್ಲಿ ಕೂತು ನೀರು ಕುಡಿದಿಲ್ಲವೇ? ಇಷ್ಟನ್ನು ವಿಚಾರಿಸದೆ ಮಗು ಹಠಮಾರಿ ಅಂದರೆ ಅದು ದೊಡ್ಡ ಅನ್ಯಾಯ. ತಾಯತ ಕಟ್ಟಿಸುವವರು ಕಟ್ಟಿಸಿ, ನಾನು ತಡೆಯುವುದಿಲ್ಲ. ಆದರೆ ಆವತ್ತೇ ತಾಲೂಕು ಆಸ್ಪತ್ರೆಯಲ್ಲಿ ಕಿವಿಯನ್ನೂ ತೋರಿಸಿ.

ನೋವಲ್ಲ ಅಂತ ಖಾತ್ರಿಯಾದ ಮೇಲೆ ಕಲಿಸುವ ಕೆಲಸ. 1985ರಲ್ಲಿ ಅಮೆರಿಕದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಎಂಬ ಇಬ್ಬರು ಮನೋವಿಜ್ಞಾನಿಗಳು ನಾಲ್ಕು ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ಮಕ್ಕಳು ಕಷ್ಟದ ಪಾಠ ಬಂದಾಗ ಗಲಾಟೆ ಮಾಡುತ್ತಿದ್ದರು. ಕೆಲವರು ದೊಡ್ಡವರ ಗಮನ ಕಡಿಮೆಯಾದಾಗ ಮಾಡುತ್ತಿದ್ದರು. ಮೊದಲಿನವರಿಗೆ ತನಗೆ ತಿಳಿಯುತ್ತಿಲ್ಲ ಅಂತ ಹೇಳಿ ಸಹಾಯ ಕೇಳುವುದನ್ನು ಕಲಿಸಿದರು. ಎರಡನೆಯವರಿಗೆ ತನ್ನ ಕೆಲಸ ಸರಿಯಿದೆಯೇ ಅಂತ ಕೇಳಿ ಟೀಚರ ಗಮನ ಪಡೆಯುವುದನ್ನು ಕಲಿಸಿದರು. ಗಲಾಟೆ ಇಳಿಯಿತು. ಆದರೆ ಒಂದು ಸೂಕ್ಷ್ಮ ಇದೆ. ಕಲಿಸಿದ ಮಾತು ಮಗುವಿನ ನಿಜವಾದ ಕಾರಣಕ್ಕೆ ಹೊಂದಿಕೆಯಾದಾಗ ಮಾತ್ರ ಗಲಾಟೆ ಇಳಿಯಿತು. ತಪ್ಪಿಸಿಕೊಳ್ಳಲು ಒದ್ದಾಡುವ ಮಗುವಿಗೆ ಗಮನ ಕೇಳುವ ಮಾತು ಕಲಿಸಿದರೆ ಏನೂ ಆಗಲಿಲ್ಲ. ಮೂರು ಗೆರೆಯ ನೋಟ್‌ಬುಕ್ಕಿಗೆ ನಾನು ಇಷ್ಟು ಒತ್ತು ಕೊಡುವುದು ಇದಕ್ಕೇ.

ನನ್ನ ಅನುಭವದ ಮಾತು ಹೇಳಿಬಿಡುತ್ತೇನೆ. ಹೊಡೆಯುವ, ಕಡಿಯುವ ಮಗುವಿಗೆ ನಾವು ಮೊದಲು ಕಲಿಸುವುದು ಏನು? ಕೈ ಮುಗಿದು ನಮಸ್ಕಾರ ಮಾಡುವುದು. ಬಣ್ಣದ ಹೆಸರು. ಒಂದು ಎರಡು. ಬಂದವರ ಮುಂದೆ ತೋರಿಸಲು ಇವು ಚೆನ್ನ. ಆ ಮಗುವಿಗೆ ಎಲ್ಲಕ್ಕಿಂತ ಮೊದಲು ಬೇಕಾದ್ದು "ಸಾಕು" ಅನ್ನುವ ಮಾತು. ಬಾಯಲ್ಲಿ ಬರಬೇಕು ಅಂತಿಲ್ಲ. ಅಂಗೈ ಮುಂದೆ ಹಿಡಿಯಲಿ, ಒಂದು ಚೀಟಿ ಎತ್ತಿ ಕೊಡಲಿ, ಮೇಜಿನ ಮೇಲೆ ಎರಡು ಸಲ ತಟ್ಟಲಿ. ನಮಗೆ ಬೇಡವಾದದ್ದು ಎದುರಾದರೆ ನಾವು ಏನೋ ನೆಪ ಹೇಳಿ ಎದ್ದು ಹೋಗುತ್ತೇವೆ. ಆ ಮಗುವಿಗೆ ಎದ್ದು ಹೋಗುವ ದಾರಿ ಯಾವುದನ್ನೂ ನಾವು ಬಿಟ್ಟಿಲ್ಲ, ಹಲ್ಲು ಒಂದನ್ನು ಬಿಟ್ಟು.

ಹಾಲಿನ ಸಾಲಿನ ಹುಡುಗನಿಗೆ ಮಾಡಿದ್ದು ಇಷ್ಟೇ. ಆ ಬೇವಿನ ಗಿಡದ್ದೇ ಫೋಟೊವನ್ನು ಮೊಬೈಲಿನಲ್ಲಿ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ ಅವನ ಕೊರಳಿಗೆ ದಾರದಲ್ಲಿ ಹಾಕಿದರು. ಎಲ್ಲಿಂದಲೋ ತಂದ ಚಿತ್ರದ ಗಿಡ ಬೇಡ, ಅವನು ದಿನಾ ಕೂಡುವ ಗಿಡವೇ ಬೇಕು. ಸಾಲು ಶುರುವಾಗುವ ಮೊದಲೇ, ಅವನಿನ್ನೂ ಶಾಂತನಾಗಿರುವಾಗಲೇ, ಒಬ್ಬ ಟೀಚರ್ ಹಿಂದೆ ನಿಂತು ಅವನ ಕೈಯಿಂದಲೇ ಆ ಚೀಟಿಯನ್ನು ಎದುರಿನ ಟೀಚರಿಗೆ ಕೊಡಿಸುತ್ತಿದ್ದರು. ಹಿಂದೆ ನಿಂತವರು ಮಾತಾಡುವಂತಿಲ್ಲ, ಕೈಗೆ ಆಸರೆ ಕೊಡುವುದಷ್ಟೇ ಅವರ ಕೆಲಸ. ಎದುರಿನವರು ಚೀಟಿ ತೆಗೆದುಕೊಂಡ ಕೂಡಲೇ "ಗಿಡದ ಹತ್ರ ಹೋಗ್ತಿ? ಹೋಗಪ್ಪ" ಅಂದು ಕಳಿಸುತ್ತಿದ್ದರು. ಹಾಲು ಆಮೇಲೆ ಅಲ್ಲಿಗೇ ಹೋಗುತ್ತಿತ್ತು. ಸ್ವಲ್ಪ ಕಾಲಕ್ಕೆ ಹಿಂದಿನ ಆಸರೆ ತೆಗೆದರು. ಒಂದು ದಿನ ಅವನೇ ಚೀಟಿ ಹಿಡಿದು ಹೋಗಿ ಕೊಟ್ಟ. ಆಮೇಲೂ ಪರಚಿದ ದಿನಗಳು ಇದ್ದವು, ಚೀಟಿ ಮನೆಯಲ್ಲಿ ಮರೆತ ದಿನ ಹೆಚ್ಚು. ಆದರೆ ದಿನಾ ಆಗುತ್ತಿದ್ದದ್ದು ಅಪರೂಪವಾಯಿತು. ಈಗ ಸಾಲಿನ ಕೊನೆಯಲ್ಲಿ, ಗೋಡೆಗೆ ಒರಗಿ, ಸ್ವಲ್ಪ ಹೊತ್ತು ನಿಲ್ಲುತ್ತಾನೆ.

ಒಂದು ಪ್ರಶ್ನೆ ಎಲ್ಲ ಶಾಲೆಯಲ್ಲೂ ಬರುತ್ತದೆ. "ಮೇಡಂ, ಸಾಕು ಅನ್ನಾದು ಕಲಿಸಿದ್ರ ದಿನಾಪೂರ್ತಿ ಸಾಕು ಅಂತಾನ. ಪಾಠ ಯಾವಾಗ ಮಾಡ್ಬೇಕು?" ನ್ಯಾಯವಾದ ಪ್ರಶ್ನೆ. ಮೊದಮೊದಲು ಹಾಗೆಯೇ ಆಗುತ್ತದೆ, ಮಾತು ಸಿಕ್ಕ ಮಗು ಅದನ್ನು ಬಳಸಿ ಬಳಸಿ ಪರೀಕ್ಷೆ ಮಾಡುತ್ತದೆ. ಆ ದಿನಗಳಲ್ಲಿ ಪ್ರತಿ ಸಲವೂ, ಕೇಳಿದ ಕೂಡಲೇ ಬಿಡಬೇಕು. ನಂಬಿಕೆ ಕುದುರಿದ ಮೇಲೆ ಕಾಯುವ ಹೊತ್ತನ್ನು ಬೆಳೆಸುತ್ತಾ ಹೋಗಬಹುದು: ಇನ್ನೊಂದು ಮಣಿ ಪೋಣಿಸು, ಆಮೇಲೆ ಸಾಕು. ಮುಂದಿನ ವಾರ ಎರಡು ಮಣಿ. ಮೊದಲು ಸಾಕು ಅಂದದ್ದು ನಡೆಯುತ್ತದೆ ಅಂತ ಗೊತ್ತಾದ ಮಗುವೇ ಕಾಯಲು ಕಲಿಯುವುದು. ಕೆಲಸವನ್ನೇ ಹಗುರ ಮಾಡುವ ದಾರಿಯೂ ಇದೆ. ಬರೆಯುವುದು ಕಷ್ಟವಾದರೆ ಒಂದು ಸಾಲು ಸಾಕು, ಅರ್ಧ ಪುಟ ಬೇಡ.

ಎದುರಾಗುವ ದೊಡ್ಡ ಅಡ್ಡಿ ಎಂದರೆ ದೊಡ್ಡವರ ಒಮ್ಮತ ಇಲ್ಲದಿರುವುದು. ಚೀಟಿ ಕೊಟ್ಟರೆ ಬಿಸ್ಕತ್ತು ಅಂತ ತಾಯಿ ಮಗುವಿಗೆ ಹೇಳುತ್ತಾಳೆ. ಅಜ್ಜಿಗೆ ಕರುಳು ಚುರುಕ್ ಅನ್ನುತ್ತದೆ, ಮೊಮ್ಮಗ ತಲೆ ಬಡಿದುಕೊಂಡ ಕೂಡಲೇ ಪಾಕೀಟನ್ನೇ ಕೈಗೆ ಇಡುತ್ತಾಳೆ. ಅಜ್ಜಿಯ ಪ್ರೀತಿ ಸುಳ್ಳಲ್ಲ. ಆದರೆ ತಲೆ ಬಡಿದುಕೊಂಡರೆ ಬೇಗ ಸಿಗುತ್ತದೆ ಅಂತ ಮಗು ಕಲಿಯುತ್ತದೆ. ಹಳೆಯ ದಾರಿ ಮುಚ್ಚಿದಾಗ ಮೊದಲ ಕೆಲವು ದಿನ ಹೊಡೆತ ಇಳಿಯುವ ಬದಲು ಏರಬಹುದು. ಕೈಪಂಪಿನಲ್ಲಿ ನೀರು ಬರದಿದ್ದರೆ ನಾವು ಬಿಟ್ಟು ಹೋಗುವ ಮೊದಲು ಇನ್ನೂ ಜೋರಾಗಿ ಒತ್ತುತ್ತೇವಲ್ಲ, ಹಾಗೆ. ಈ ಏರಿಕೆ ಬರಬಹುದು ಅಂತ ಮೊದಲೇ ಗೊತ್ತಿದ್ದರೆ ಮನೆಯವರು ತಡೆದುಕೊಳ್ಳುತ್ತಾರೆ. ಗೊತ್ತಿಲ್ಲದವರು ಮೂರನೆಯ ದಿನ ಕೈಬಿಡುತ್ತಾರೆ, ಮಗು ಮೊದಲಿಗಿಂತ ಜೋರಾಗಿ ಹೊಡೆಯುವುದನ್ನು ಕಲಿತಿರುತ್ತದೆ.

ಮನೆಮಾತಿನ ಸಂಗತಿ ನಮ್ಮ ಭಾಗಕ್ಕೆ ಬಹಳ ಮುಖ್ಯ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ಪುನರ್ವಸತಿ ಕ್ಯಾಂಪುಗಳಲ್ಲಿ, ಮನೆಯಲ್ಲಿ ಬಂಗಾಳಿ ಆಡುತ್ತಾರೆ. ನೀರಾವರಿ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು. ಲಿಂಗಸುಗೂರು, ಮಸ್ಕಿ ಕಡೆಯ ತಾಂಡಾಗಳಲ್ಲಿ ಲಂಬಾಣಿ. ಮುದಗಲ್ಲಿನಲ್ಲಿ ಉರ್ದು ಆಡುವ ಮನೆಗಳು ಎಷ್ಟೋ. ಶಾಲೆಯಲ್ಲಿ ಕನ್ನಡ. ಮಾತು ಸರಾಗವಾಗಿ ಬರುವ ಮಗು ಎರಡು ಮೂರು ಭಾಷೆ ಆಟವಾಡುತ್ತಾ ಕಲಿಯುತ್ತದೆ. ಒಂದು ಮಾತಿಗೇ ತಡಕಾಡುವ ಮಗುವಿಗೆ ಮನೆಯಲ್ಲಿ ನೀರಿಗೆ ಒಂದು ಸನ್ನೆ, ಶಾಲೆಯಲ್ಲಿ ಇನ್ನೊಂದು ಸನ್ನೆ ಅಂದರೆ ಎರಡೂ ಹೋಗುತ್ತವೆ. ಆದ್ದರಿಂದ ಟೀಚರುಗಳು ತಾಯಿಯನ್ನು ಕೂರಿಸಿಕೊಂಡು ಕೇಳಿ, "ನೀರು ಬೇಕಾದ್ರ ಇವ ಮನ್ಯಾಗ ಏನ್ ಮಾಡ್ತಾನವ್ವ?" ಅವಳು ತೋರಿಸಿದ ಸನ್ನೆಯೇ ಶಾಲೆಯದ್ದೂ ಆಗಲಿ. ಪದ ಹೇಳುವಾಗ ಅವಳ ಭಾಷೆಯ ಪದ ಕಲಿತು ಹೇಳಿ. ಹತ್ತು ಲಂಬಾಣಿ ಪದ ಕಲಿಯುವುದು ಒಬ್ಬ ಶಿಕ್ಷಕರಿಗೆ ಭಾರವಲ್ಲ.

ಇನ್ನು, ಮಗು ಕೈ ಎತ್ತಿಬಿಟ್ಟಿದೆ, ಆ ಗಳಿಗೆಯಲ್ಲಿ ಏನು ಮಾಡಬೇಕು? ಕಿರುಚಬೇಡಿ. ಮಾತು ಕಡಿಮೆ ಮಾಡಿ, ಎರಡು ಪದಕ್ಕಿಂತ ಹೆಚ್ಚು ಬೇಡ. ಹೊಡೆಯುವ ಮಗುವನ್ನು ಎಳೆದೊಯ್ಯುವುದಕ್ಕಿಂತ ಉಳಿದ ಮಕ್ಕಳನ್ನು ಎಬ್ಬಿಸಿ ಹೊರಗೆ ಕರೆದೊಯ್ಯುವುದು ಸುಲಭ, ಕ್ಷೇಮವೂ ಹೌದು. ಕಲ್ಲು, ಕಂಪಾಸು, ಲೋಟ ಕೈಗೆಟುಕದ ಹಾಗೆ ಸರಿಸಿ. ಹಿಂದಿನಿಂದ ಹಠಾತ್ತನೆ ಹಿಡಿಯಬೇಡಿ. ಕಡಿದು ಹಿಡಿದಿದ್ದರೆ ನಿಮ್ಮ ಕೈಯನ್ನು ಕಿತ್ತುಕೊಳ್ಳಬೇಡಿ, ಚರ್ಮ ಹರಿಯುತ್ತದೆ. ಕೈಯನ್ನು ಬಾಯಿಯ ಕಡೆಗೇ ಮೆಲ್ಲಗೆ ಒತ್ತಿದರೆ ಹಿಡಿತ ಸಡಿಲಾಗುತ್ತದೆ, ಆಗ ತೆಗೆದುಕೊಳ್ಳಿ. ತಲೆ ಬಡಿದುಕೊಳ್ಳುತ್ತಿದ್ದರೆ ನಡುವೆ ದಿಂಬು, ಕೌದಿ, ಏನೂ ಇಲ್ಲದಿದ್ದರೆ ನಿಮ್ಮ ಅಂಗೈ ಇಡಿ. ತಣ್ಣಗಾದ ಮೇಲೆ ಉಪದೇಶ ಬೇಡ, ನೀರು ಕೊಡಿ. ಪಾಠ ನಾಳೆ ಇದ್ದೇ ಇದೆ. ಪೆಟ್ಟು ತಿಂದ ಮಗುವನ್ನೂ ಮರೆಯಬೇಡಿ, ಅದರ ಮನೆಗೆ ಆವತ್ತೇ ಸಂಜೆ ಹೋಗಿ ಮಾತಾಡಿದರೆ ಮರುದಿನದ ಜಗಳ ಅರ್ಧ ಕಡಿಮೆಯಾಗುತ್ತದೆ.

ತಿರುಗಿ ಹೊಡೆಯುವುದು ಎಂದೂ ಕೂಡದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಯಾವ ಮಗುವನ್ನೂ ದಂಡಿಸುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ ಅನ್ನುತ್ತದೆ. ಅದು ಕಾನೂನು. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ, ಯಾಕೆಂದರೆ ಕೈಯಿಂದ ಮಾತಾಡುವ ಮಗುವಿಗೆ ನಾವೂ ಕೈಯಿಂದಲೇ ಉತ್ತರ ಕೊಟ್ಟರೆ ಅದೇ ಸರಿಯಾದ ಭಾಷೆ ಅಂತ ಮಗು ತಿಳಿಯುತ್ತದೆ.

ಒಂದು ಕಷ್ಟದ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಭತ್ತದ ನಾಟಿ ದಿನಗಳಲ್ಲಿ ಮಗುವಿನ ಕಾಲಿಗೆ ಸೀರೆಯ ಸೆರಗಿನಿಂದ, ಹಗ್ಗದಿಂದ ಕಟ್ಟಿ ಮಂಚಕ್ಕೆ ಬಿಗಿದು ಕೂಲಿಗೆ ಹೋಗುವ ತಾಯಂದಿರಿದ್ದಾರೆ. ಕಾಲುವೆ ಪಕ್ಕದಲ್ಲೇ ಹರಿಯುತ್ತದೆ, ಮಗು ಓಡಿ ಹೋಗಿ ಬಿದ್ದರೆ ಅನ್ನುವ ಭಯ ಅವಳಿಗೆ. ಕಟ್ಟಿದರೆ ಮಗುವಿನ ಸಿಟ್ಟು ಹತ್ತು ಪಟ್ಟು ಆಗುತ್ತದೆ, ಚರ್ಮ ಸುಲಿಯುತ್ತದೆ, ಹಾಗೆ ಮಾಡಲೇಬಾರದು. ಆದರೆ ಆ ತಾಯಿಯನ್ನು ಬೈಯುವ ಹಕ್ಕು ನಮಗೆ ಬರಬೇಕಾದರೆ ಅವಳು ಹೊಲದಲ್ಲಿರುವಷ್ಟು ಹೊತ್ತು ಮಗುವನ್ನು ನೋಡಿಕೊಳ್ಳುವ ಒಂದು ಜಾಗ ಊರಲ್ಲಿ ಇರಬೇಕು. ಆ ಜಾಗ ಶಾಲೆ. "ಹೊಡಿತಾನ, ಮನ್ಯಾಗ ಇಟ್ಕೋರಿ" ಅಂತ ಶಾಲೆಯವರು ವಾಪಸ್ ಕಳಿಸಿದಾಗಲೇ ಆ ಹಗ್ಗ ಬರುವುದು. ಗೃಹಾಧಾರಿತ ಶಿಕ್ಷಣ ಅಂತ ಒಂದು ವ್ಯವಸ್ಥೆ ಇದೆ, ಸಂಪನ್ಮೂಲ ಶಿಕ್ಷಕರು ಮನೆಗೇ ಹೋಗಿ ಕಲಿಸುತ್ತಾರೆ. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆಯ ಮಕ್ಕಳಿಗಾಗಿ ಇರುವ ವ್ಯವಸ್ಥೆ ಅದು. ಶಾಲೆಗೆ ಬೇಡವಾದ ಮಗುವನ್ನು ಆ ಪಟ್ಟಿಗೆ ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ತೊಂದರೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತನಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕನ್ನು 2016ರ ಕಾಯ್ದೆ ಕೊಟ್ಟಿದೆ. ತಂದೆತಾಯಿ ಇದನ್ನು ಮುಖ್ಯಗುರುಗಳ ಮುಂದೆ ಧೈರ್ಯವಾಗಿ ಹೇಳಬಹುದು. ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಂಡು ಹೋಗಿ.

ಔಷಧದ ಬಗ್ಗೆ ಎರಡು ಮಾತು. ಮಗು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ನಿದ್ದೆಯೇ ಇಲ್ಲದಿದ್ದರೆ ಮನೋವೈದ್ಯರ ಸಲಹೆ ಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ವಿಚಾರಿಸಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು. ಮಾತಿನ ಪರೀಕ್ಷೆ, ತರಬೇತಿಗೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರ ನಿಜ, ಆದರೆ ಒಮ್ಮೆ ಹೋಗಿ ಬಂದ ಕುಟುಂಬಗಳು ದಾರಿ ತಿಳಿದು ಬಂದಿವೆ. ಗುಳಿಗೆ ಮಗುವನ್ನು ಶಾಂತ ಮಾಡಬಹುದು, ಮಾತು ಕಲಿಸುವುದಿಲ್ಲ. ಫಿಟ್ಸ್ ಗುಳಿಗೆಯನ್ನು ಮಾತ್ರ ವೈದ್ಯರನ್ನು ಕೇಳದೆ ಎಂದೂ ನಿಲ್ಲಿಸಬೇಡಿ.

ದಿನಚರಿ ಬದಲಾದಾಗ ಈ ಮಕ್ಕಳು ಕೆರಳುತ್ತಾರೆ. ಮುದಗಲ್ಲಿನ ಮೊಹರಂ ದಿನಗಳ ಹಲಗೆ ಸದ್ದು, ಅಂಬಾಮಠದ ಜಾತ್ರೆಯ ಜನಸಂದಣಿ ನಮಗೆ ಹಬ್ಬ, ಅವರಲ್ಲಿ ಕೆಲವರಿಗೆ ಹಿಂಸೆ. ಕರೆದುಕೊಂಡು ಹೋಗಲೇಬಾರದು ಅಂತಲ್ಲ. ಮಂದಿ ಕಡಿಮೆ ಇರುವ ಬೆಳಗಿನ ಹೊತ್ತು ಹೋಗಿ, ಕೊರಳಿಗೆ "ಸಾಕು" ಚೀಟಿ ಹಾಕಿ, ಅದನ್ನು ತೋರಿಸಿದ ಕೂಡಲೇ ಹೊರಟು ಬನ್ನಿ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಗುಳೆ. ಹೊಲದ ಕೆಲಸ ಮುಗಿದ ಮೇಲೆ ನಮ್ಮ ಭಾಗದ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆಗೆ ಹೊರಡುತ್ತವೆ. ಮಗುವನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟರೆ ಅವ್ವ ಎಲ್ಲಿ ಹೋದಳು ಅಂತ ಕೇಳಲೂ ಅದಕ್ಕೆ ಬಾಯಿಲ್ಲ. ಜೊತೆಗೆ ಕರೆದೊಯ್ದರೆ ತಗಡಿನ ಶೆಡ್ಡು, ಹೊಸ ಮುಖ, ಹೊಸ ಭಾಷೆ. ಇಲ್ಲಿ ತಿಂಗಳುಗಟ್ಟಲೆ ಕಲಿತ ಚೀಟಿ ಅಲ್ಲಿ ಯಾರಿಗೂ ತಿಳಿಯದೆ ಮಗು ಮತ್ತೆ ಹಲ್ಲಿಗೆ ಮರಳುತ್ತದೆ.

ಮಗುವನ್ನು ಬಿಟ್ಟು ಹೋಗುವವರು ನಿಮ್ಮ ಫೋಟೊ ಒಂದನ್ನು ಅದರ ಕೈಗೆಟುಕುವ ಹಾಗೆ ಗೋಡೆಗೆ ಹಚ್ಚಿ, ದಿನಾ ಒಂದೇ ಹೊತ್ತಿಗೆ ವಿಡಿಯೊ ಕಾಲ್ ಮಾಡಿ. ಕರೆದೊಯ್ಯುವವರು ಹೊರಡುವ ವಾರಕ್ಕೆ ಮೊದಲು ಶಾಲೆಗೆ ಬಂದು ಹೇಳಿ. ಟೀಚರುಗಳೇ, ಆಗ ನೀವು ಅರ್ಧ ಹಾಳೆಯಲ್ಲಿ ಹೀಗೆ ಬರೆದುಕೊಡಿ: ಇವನು ಅಂಗೈ ಮುಂದೆ ಹಿಡಿದರೆ ಸಾಕು ಅಂತ ಅರ್ಥ, ಕೂಡಲೇ ಬಿಡಿ. ಲೋಟದ ಸದ್ದು ಇವನಿಗೆ ಆಗುವುದಿಲ್ಲ. ಬೆಳಿಗ್ಗೆ ರಾತ್ರಿ ಈ ಗುಳಿಗೆ. ಕಿವಿ ಹಿಡಿದುಕೊಂಡರೆ ಕಿವಿಯನ್ನು ಡಾಕ್ಟರಿಗೆ ತೋರಿಸಿ. ಗೋಡೆ ಪಕ್ಕದಲ್ಲಿ ಕೂರಿಸಿದರೆ ಸಮಾಧಾನವಾಗಿರುತ್ತಾನೆ. ಆ ಹಾಳೆಗೂ ಲ್ಯಾಮಿನೇಷನ್ ಮಾಡಿಸಿ ಚೀಟಿಗಳ ಜೊತೆಗೇ ಚೀಲದಲ್ಲಿ ಇಡಿ. ಕೆಳಗೆ ನಿಮ್ಮ ಬಿ.ಆರ್.ಸಿ.ಯ ಸಂಪನ್ಮೂಲ ಶಿಕ್ಷಕರ ಫೋನ್ ನಂಬರ್ ಬರೆಯಿರಿ. ಬೆಂಗಳೂರಿನ ಟೀಚರು ಯಾವತ್ತಾದರೂ ಫೋನ್ ಮಾಡಿದರೆ ಎತ್ತಿ, ಮಗುವಿನ ಬಗ್ಗೆ ಎಲ್ಲ ಬಿಡಿಸಿ ಹೇಳುವುದು ಸಂಪನ್ಮೂಲ ಶಿಕ್ಷಕರಾದ ನಮ್ಮ ಕೆಲಸ.